ಫ್ರಾಂಕ್ ವಾಲ್

ಕರ್ನಲ್ ಫ್ರಾಂಕ್ ವಾಲ್ (21 ಏಪ್ರಿಲ್ 1868 – 19 ಮೇ 1950) ಬ್ರಿಟಿಷ್ ಆಳ್ವಿಕೆಯ ಭಾರತದಲ್ಲಿ ಸೇವೆ ಸಲ್ಲಿಸಿದ ಸೇನಾ ವೈದ್ಯರು ಹಾಗೂ ಉರಗಶಾಸ್ತ್ರಜ್ಞರು. ಭಾರತ, ಶ್ರೀಲಂಕಾ ಮತ್ತು ಬರ್ಮಾ ದೇಶಗಳ ಹಾವುಗಳನ್ನು ಕುರಿತು ಇವರು ಇನ್ನೂರಕ್ಕೂ ಹೆಚ್ಚು ವೈಜ್ಞಾನಿಕ ಲೇಖನಗಳನ್ನು ಬರೆದರು. ವಿಷದ ಹಾವುಗಳನ್ನು ಹುರುಪೆಗಳ ಜೋಡಣೆಯಿಂದ ಗುರುತಿಸಲು ಇವರು ಬಳಕೆಗೆ ತಂದ ಕ್ರಮ ಭಾರತದ ಪ್ರಾಣಿಶಾಸ್ತ್ರ ಮತ್ತು ನ್ಯಾಯವೈದ್ಯಶಾಸ್ತ್ರದ ಪಠ್ಯಗಳಲ್ಲಿ ಇಂದಿಗೂ ಉಳಿದಿದೆ. ಹಾವುಗಳ ಸಂತಾನೋತ್ಪತ್ತಿಯ ವಿಷಯದಲ್ಲಿ ಇವರು ಕಲೆಹಾಕಿದ ಮಾಹಿತಿ ಜನರಿಗೆ ಅಷ್ಟಾಗಿ ಪರಿಚಿತವಲ್ಲ. ಯಾವ ಹಾವು ಮೊಟ್ಟೆಯಿಡುತ್ತದೆ, ಯಾವುದು ಮರಿ ಹಾಕುತ್ತದೆ, ಯಾವ ತಿಂಗಳಲ್ಲಿ, ಎಷ್ಟು ಎಂಬ ಪ್ರಶ್ನೆಗಳಿಗೆ ಊಹೆ ಮತ್ತು ಜನಶ್ರುತಿಗಳೇ ಉತ್ತರವಾಗಿದ್ದ ಕಾಲದಲ್ಲಿ, ಕೈಗೆ ಬಂದ ಹಾವುಗಳನ್ನು ಕೊಯ್ದು, ಎಣಿಸಿ, ಅಳೆದು, ದಿನಾಂಕದೊಂದಿಗೆ ಬರೆದಿಟ್ಟವರಲ್ಲಿ ವಾಲ್ ಪ್ರಮುಖರು.

ಜನನ ಮತ್ತು ಮನೆತನ

ವಾಲ್ ಅವರು ಅಂದಿನ ಸಿಲೋನ್, ಇಂದಿನ ಶ್ರೀಲಂಕಾದ ಗಿರಿಧಾಮವಾದ ನುವರ ಎಲಿಯದಲ್ಲಿ ಜನಿಸಿದರು. ತಂದೆ ಜಾರ್ಜ್ ವಾಲ್ ಕಾಫಿ ಬೆಳೆಗಾರರು ಹಾಗೂ ವ್ಯಾಪಾರಿ. ದ್ವೀಪದ ಸಾರ್ವಜನಿಕ ಜೀವನದಲ್ಲಿ ಹೆಸರಾಗಿದ್ದ ಅವರು ಬಿಡುವಿನಲ್ಲಿ ಜರೀಗಿಡಗಳನ್ನು ಸಂಗ್ರಹಿಸಿ ಅಧ್ಯಯನ ಮಾಡುತ್ತಿದ್ದರು. ಸಸ್ಯಗಳನ್ನು ಹೆಸರಿಸಿ, ಪಟ್ಟಿಮಾಡಿ, ಒಣಗಿಸಿಡುವ ಮನೆಯಲ್ಲಿ ಬೆಳೆದ ಮಗ ಮುಂದೆ ಅದೇ ಅಭ್ಯಾಸವನ್ನು ಹಾವುಗಳಿಗೆ ಅನ್ವಯಿಸಿದನೆಂದು ಭಾವಿಸುವುದು ಸಹಜ. ವೈದ್ಯಕೀಯ ಶಿಕ್ಷಣವನ್ನು ಇಂಗ್ಲೆಂಡಿನಲ್ಲಿ ಪಡೆದ ವಾಲ್ 1893ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಭಾರತಕ್ಕೆ ಬಂದರು. 1925ರವರೆಗೂ ಆ ಸೇವೆಯಲ್ಲಿದ್ದರು.

ಸೇವೆ ಮತ್ತು ಸಂಗ್ರಹ

ಸೇನಾ ವೈದ್ಯರಿಗೆ ವರ್ಗಾವಣೆ ತಪ್ಪಿದ್ದಲ್ಲ. ವಾಲ್ ಅವರ ಮಟ್ಟಿಗೆ ಪ್ರತಿ ವರ್ಗಾವಣೆಯೂ ಹೊಸ ಹಾವುಗಳ ಪಟ್ಟಿಯೊಂದಕ್ಕೆ ದಾರಿಯಾಯಿತು. 1903ರ ನವೆಂಬರ್‌ನಿಂದ 1904ರ ಆಗಸ್ಟ್‌ವರೆಗೆ ಮಲಬಾರಿನ ಕಣ್ಣೂರಿನಲ್ಲಿ ಸಂಗ್ರಹಿಸಿದ ಹಾವುಗಳ ಬಗ್ಗೆ ಅವರು ಬರೆದ ವಿವರವಾದ ಲೇಖನ, ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಕರಾವಳಿಗೆ ಹೊಂದಿಕೊಂಡ ಪ್ರದೇಶದ ಉರಗಸಂಪತ್ತಿನ ಆರಂಭಿಕ ದಾಖಲೆಗಳಲ್ಲಿ ಒಂದು. ಬಳಿಕ ಉತ್ತರದ ಫೈಜಾಬಾದ್, ಅಸ್ಸಾಮಿನ ದಿಬ್ರುಗಢ, ಖಾಸಿ ಬೆಟ್ಟಗಳು, ವಾಯವ್ಯ ಗಡಿಯ ಚಿತ್ರಾಲ್, ದಕ್ಷಿಣದ ನೀಲಗಿರಿ ಮತ್ತು ವಯನಾಡು, ಕೊನೆಗೆ ಬರ್ಮಾ – ಹೀಗೆ ಮರುಭೂಮಿಯಂಥ ಒಣನಾಡಿನಿಂದ ಮಳೆಕಾಡಿನವರೆಗೆ ಅವರ ಬರಹಗಳು ಹರಡಿಕೊಂಡಿವೆ. ನೀಲಗಿರಿಯ ಬಗ್ಗೆ 1922ರಲ್ಲಿ ಪ್ರಕಟವಾದ ಒಂದು ಟಿಪ್ಪಣಿಯ ಶೀರ್ಷಿಕೆಯಲ್ಲಿ ಹಲ್ಲಿ, ಕಪ್ಪೆಗಳ ಸಾಲಿಗೆ ಮನುಷ್ಯರನ್ನೂ ಸೇರಿಸಿದ್ದು ಅವರ ಸ್ವಭಾವದ ಒಂದು ಮುಖವನ್ನು ತೋರಿಸುತ್ತದೆ.

ಈ ಬರಹಗಳಲ್ಲಿ ಬಹುಪಾಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ಬೆಳಕು ಕಂಡವು. 1883ರಲ್ಲಿ ಮುಂಬಯಿಯಲ್ಲಿ ಆರಂಭವಾದ ಈ ಸಂಸ್ಥೆಗೆ ಪ್ರಾಣಿ ಪಕ್ಷಿಗಳ ವಿಷಯದಲ್ಲಿ ಆಸಕ್ತಿಯಿದ್ದ ಅಧಿಕಾರಿಗಳು, ತೋಟಗಾರರು, ರೈಲ್ವೆ ಇಂಜಿನಿಯರುಗಳು ದೇಶದ ಎಲ್ಲ ಮೂಲೆಗಳಿಂದ ಟಿಪ್ಪಣಿಗಳನ್ನು ಕಳುಹಿಸುತ್ತಿದ್ದರು. ಇದೇ ನಿಯತಕಾಲಿಕದಲ್ಲಿ 1905ರಿಂದ 1919ರವರೆಗೆ ಭಾರತದ ಸಾಮಾನ್ಯ ಹಾವುಗಳನ್ನು ಕುರಿತ ವಾಲ್ ಅವರ ಜನಪ್ರಿಯ ಲೇಖನಮಾಲೆ ವರ್ಣಚಿತ್ರಗಳೊಂದಿಗೆ ಕಂತುಕಂತಾಗಿ ಪ್ರಕಟವಾಯಿತು. ಹಾವಿನ ಸ್ಥಳೀಯ ಹೆಸರು, ಬಣ್ಣ, ಅಳತೆ, ವಾಸಸ್ಥಾನ, ಆಹಾರ, ಶತ್ರುಗಳು, ಸಂತಾನ, ಹುರುಪೆಗಳ ಲೆಕ್ಕ ಎಲ್ಲವೂ ಅದರಲ್ಲಿವೆ. ಶೀರ್ಷಿಕೆಯಲ್ಲಿ ಜನಪ್ರಿಯವೆಂದು ಇದ್ದರೂ ಅದನ್ನು ಓದುವವರಿಗೆ ತಾಳ್ಮೆ ಬೇಕು. ಆದರೆ ಸಂಖ್ಯೆ ಬೇಕಾದವರಿಗೆ ಅದು ಕಣಜ.

ವಿಷದ ಹಾವನ್ನು ಗುರುತಿಸುವ ಕ್ರಮ

ಹಾವು ಕಡಿದವರನ್ನು ಆಸ್ಪತ್ರೆಗೆ ತಂದಾಗ ವೈದ್ಯರಿಗೆ ಎದುರಾಗುತ್ತಿದ್ದ ಮೊದಲ ಪ್ರಶ್ನೆ, ಕಡಿದ ಹಾವು ಯಾವುದು ಎಂಬುದು. ಜೊತೆಗೆ ತಂದ ಹಾವು ಹಲವು ಬಾರಿ ಹೊಡೆತದಿಂದ ಜಜ್ಜಿಹೋಗಿರುತ್ತಿತ್ತು. ಬಣ್ಣವನ್ನು ನಂಬುವಂತಿರಲಿಲ್ಲ. ಏಕೆಂದರೆ ಒಂದೇ ಪ್ರಭೇದದಲ್ಲಿ ಬಣ್ಣ ಬದಲಾಗುತ್ತದೆ, ನಿರ್ವಿಷವಾದ ತೋಳಹಾವು ಕಟ್ಟುಹಾವಿನಂತೆಯೇ ಪಟ್ಟೆಗಳನ್ನು ಹೊಂದಿರುತ್ತದೆ. ಭಾರತದ ವಿಷದ ನೆಲಹಾವುಗಳನ್ನು ಗುರುತಿಸುವ ಬಗ್ಗೆ ವಾಲ್ ಬರೆದ ಕೈಪಿಡಿ ಈ ತೊಡಕಿಗೆ ಉತ್ತರವಾಗಿತ್ತು. ಅದರ ನಾಲ್ಕನೆಯ ಆವೃತ್ತಿ 1928ರಲ್ಲಿ, ಅವರು ನಿವೃತ್ತರಾದ ಮೇಲೆ ಹೊರಬಂದಿತು.

ಅವರ ಕ್ರಮದ ಪ್ರಕಾರ ಬಾಲ ಹುಟ್ಟಿನಂತೆ ಚಪ್ಪಟೆಯಾಗಿದ್ದರೆ ಅದು ಕಡಲಹಾವು. ಮೇಲ್ದುಟಿಯ ಮೂರನೆಯ ಹುರುಪೆ ಮೂಗಿನ ಹುರುಪೆಯನ್ನೂ ಕಣ್ಣನ್ನೂ ಮುಟ್ಟುತ್ತಿದ್ದರೆ ನಾಗರಹಾವು, ಕಾಳಿಂಗ ಸರ್ಪ ಅಥವಾ ಹವಳದ ಹಾವು. ಬೆನ್ನಿನ ನಡುಸಾಲಿನ ಹುರುಪೆಗಳು ದೊಡ್ಡದಾಗಿ ಆರು ಮೂಲೆಗಳನ್ನು ಹೊಂದಿದ್ದು, ಕೆಳದುಟಿಯ ನಾಲ್ಕನೆಯ ಹುರುಪೆ ಉಳಿದವುಗಳಿಗಿಂತ ದೊಡ್ಡದಾಗಿದ್ದರೆ ಕಟ್ಟುಹಾವು. ಕಣ್ಣು ಮತ್ತು ಮೂಗಿನ ಹೊಳ್ಳೆಯ ನಡುವೆ ಕುಳಿಯಿದ್ದರೆ ಗುಳಿಮಂಡಲ. ತಲೆಯ ಮೇಲೆ ದೊಡ್ಡ ಫಲಕಗಳಿಲ್ಲದೆ ಸಣ್ಣ ಹುರುಪೆಗಳೇ ತುಂಬಿದ್ದು, ಹೊಟ್ಟೆಯ ಫಲಕಗಳು ಅಗಲಕ್ಕೆ ಪೂರ್ಣವಾಗಿ ಹರಡಿದ್ದರೆ ಮಂಡಲದ ಜಾತಿ. ತಲೆ ಉಳಿದಿದ್ದರೆ ಸಾಕು, ಹಾವು ಯಾವುದೆಂದು ಬಹುಮಟ್ಟಿಗೆ ಹೇಳಬಹುದಾಗಿತ್ತು.

ಸಂತಾನೋತ್ಪತ್ತಿಯ ಅಧ್ಯಯನ

ಗುರುತಿಸಿದ ಮೇಲೆ ಆ ಹಾವನ್ನು ಎಸೆಯುವ ಬದಲು ಕೊಯ್ದು ನೋಡುವುದು ವಾಲ್ ಅವರ ಪದ್ಧತಿ. ಹಾವಿನಲ್ಲಿ ಗಂಡು ಹೆಣ್ಣುಗಳನ್ನು ಹೊರನೋಟದಿಂದ ಬೇರ್ಪಡಿಸುವುದು ಕಷ್ಟ. ಗಂಡಿನ ಜೋಡಿ ಜನನಾಂಗಗಳು ಬಾಲದ ಬುಡದೊಳಗೆ ಮಡಿಚಿಕೊಂಡಿರುತ್ತವೆ. ಆದ್ದರಿಂದ ಗಂಡಿನ ಬಾಲ ಸಾಮಾನ್ಯವಾಗಿ ಉದ್ದವಾಗಿಯೂ ಬುಡದಲ್ಲಿ ದಪ್ಪವಾಗಿಯೂ ಇರುತ್ತದೆ. ಹೆಣ್ಣಿನ ಅಂಡಾಶಯ ಮತ್ತು ಅಂಡನಾಳಗಳು ದೇಹದ ಉದ್ದಕ್ಕೂ ಹಿಂದೆ ಮುಂದೆ ಚಾಚಿಕೊಂಡಿರುತ್ತವೆ. ಕೊಯ್ದಾಗ ಲಿಂಗ ಖಚಿತವಾಗುತ್ತದೆ, ಬಸುರಿನ ಹಂತ ತಿಳಿಯುತ್ತದೆ. ಹಾವಿನ ಉದ್ದ, ಲಿಂಗ, ಒಳಗಿದ್ದ ಮೊಟ್ಟೆ ಅಥವಾ ಭ್ರೂಣಗಳ ಸಂಖ್ಯೆ, ಅವುಗಳ ಬೆಳವಣಿಗೆ, ಹಾವು ಸಿಕ್ಕ ತಿಂಗಳು – ಇಷ್ಟನ್ನು ಒಂದೊಂದು ಹಾವಿಗೂ ಬರೆದುಕೊಂಡರೆ, ವರ್ಷಗಳ ಮೇಲೆ ಒಂದು ಪ್ರಭೇದದ ಇಡೀ ಸಂತಾನ ಪಂಚಾಂಗವೇ ಸಿದ್ಧವಾಗುತ್ತದೆ. ಮೇ ತಿಂಗಳಲ್ಲಿ ತುಂಬಿದ ಅಂಡನಾಳ, ಜೂನ್ ಕೊನೆಗೆ ಖಾಲಿಯಾದ ಅಂಡನಾಳ, ಆಗಸ್ಟ್‌ನಲ್ಲಿ ಗೇಣುದ್ದದ ಮರಿ ಕಾಣಿಸಿದರೆ ನಡುವೆ ಏನಾಯಿತೆಂದು ಯಾರೂ ಕಣ್ಣಾರೆ ನೋಡಬೇಕಾಗಿಲ್ಲ.

ಈ ಬಗೆಯ ದಾಖಲೆಗಳಿಂದ ಸ್ಪಷ್ಟವಾದ ಮುಖ್ಯ ಸಂಗತಿ ಎಂದರೆ ಹಾವುಗಳೆಲ್ಲ ಒಂದೇ ರೀತಿ ಸಂತಾನ ಪಡೆಯುವುದಿಲ್ಲ ಎಂಬುದು. ನಾಗರಹಾವು ಬೇಸಗೆಯಿಂದ ಮುಂಗಾರಿನ ಆರಂಭದವರೆಗೆ ಹುತ್ತ ಅಥವಾ ಇಲಿಬಿಲಗಳಲ್ಲಿ ಹತ್ತರಿಂದ ಮೂವತ್ತರಷ್ಟು ಮೊಟ್ಟೆಗಳನ್ನಿಡುತ್ತದೆ, ಸುಮಾರು ಎರಡು ತಿಂಗಳಲ್ಲಿ ಮರಿಗಳು ಹೊರಬರುತ್ತವೆ. ಕೇರೆಹಾವು, ಕಟ್ಟುಹಾವುಗಳೂ ಮೊಟ್ಟೆಯಿಡುವಂಥವೇ. ಕೆರೆ ಕಾಲುವೆಗಳ ನೀರೊಳ್ಳೆ ಹಾವು ಕೆಲವೊಮ್ಮೆ ಎಂಬತ್ತಕ್ಕೂ ಮೀರಿ ಮೊಟ್ಟೆಗಳನ್ನಿಡುವುದುಂಟು. ಕೊಳಕುಮಂಡಲ ಇದಕ್ಕೆ ವಿರುದ್ಧವಾಗಿ ಬದುಕಿರುವ ಮರಿಗಳನ್ನೇ ಹಾಕುತ್ತದೆ. ಗರ್ಭದ ಅವಧಿ ಆರು ತಿಂಗಳಿಗೂ ಹೆಚ್ಚು. ಜೂನ್ ಜುಲೈ ತಿಂಗಳುಗಳಲ್ಲಿ ಒಂದೇ ಸೂಲಿಗೆ ಇಪ್ಪತ್ತರಿಂದ ನಲವತ್ತು ಮರಿಗಳು ಸಾಮಾನ್ಯ, ಅರವತ್ತು ದಾಟಿದ ದಾಖಲೆಗಳೂ ಇವೆ. ಹುಟ್ಟಿದ ಮರಿಯಲ್ಲಿ ವಿಷವಿರುತ್ತದೆ, ಅದು ಕಚ್ಚಬಲ್ಲದು. ಹಸಿರು ಹಾವು, ಮಣ್ಣುಮುಕ್ಕ ಹಾವು, ಬಹುತೇಕ ಕಡಲಹಾವುಗಳು ಕೂಡ ಮರಿ ಹಾಕುವ ಗುಂಪಿಗೆ ಸೇರಿದವು. ಕಡಲಹಾವುಗಳನ್ನು ಕುರಿತ ವಾಲ್ ಅವರ ಪ್ರೌಢಪ್ರಬಂಧ 1909ರಲ್ಲಿ ಏಷ್ಯಾಟಿಕ್ ಸೊಸೈಟಿ ಆಫ್ ಬೆಂಗಾಲ್‌ನಿಂದ ಪ್ರಕಟವಾಯಿತು.

ಮರಿ ಹಾಕುವ ಹಾವು ಸಸ್ತನಿಯಾಗಿಬಿಡುವುದಿಲ್ಲ. ಮರಿಗೆ ಹಾಲಿಲ್ಲ, ಜನನದ ಬಳಿಕ ತಾಯಿಯ ಆರೈಕೆಯೂ ಇಲ್ಲವೆನ್ನುವಷ್ಟು ಕಡಿಮೆ. ಮೊಟ್ಟೆಯ ಚಿಪ್ಪಿನ ಬದಲು ತೆಳುವಾದ ಪೊರೆಯೊಳಗೆ ಭ್ರೂಣ ತಾಯಿಯ ಒಡಲಲ್ಲೇ ಬೆಳೆದು, ಹೊರಬಂದ ಕೂಡಲೇ ಪೊರೆಯನ್ನು ಹರಿದುಕೊಳ್ಳುತ್ತದೆ. ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೊಟಸ್‌ನ ಬರಹದಲ್ಲಿ ಮಂಡಲದ ಹಾವಿನ ಮರಿಗಳು ತಾಯಿಯ ಒಡಲನ್ನು ತಿಂದು ಹೊರಬರುತ್ತವೆಂಬ ಕಥೆಯಿದೆ. ಕೊಯ್ದು ನೋಡದ ಕಡೆ ಇಂಥ ಕಥೆಗಳಿಗೆ ಆಯುಷ್ಯ ಹೆಚ್ಚು.

ಕನ್ನಡ ನಾಡಿನಲ್ಲಿ ವ್ಯಾಪಕವಾಗಿರುವ ಇನ್ನೊಂದು ನಂಬಿಕೆಯೆಂದರೆ ಕೇರೆಹಾವು ನಾಗರಹಾವಿನ ಜೋಡಿ ಎಂಬುದು. ಉತ್ತರ ಭಾರತದಲ್ಲಿಯೂ, ಶ್ರೀಲಂಕಾದಲ್ಲಿಯೂ ಇದನ್ನು ಹೋಲುವ ಮಾತುಗಳಿವೆ. ಎರಡೂ ಹೊಲದ ಇಲಿಗಳನ್ನು ಹಿಂಬಾಲಿಸಿ ಒಂದೇ ಬದುವಿನಲ್ಲಿ ಕಾಣಿಸಿಕೊಳ್ಳುವುದು ಈ ನಂಬಿಕೆಗೆ ಇಂಬು ಕೊಟ್ಟಿರಬೇಕು. ಅಂಗಚ್ಛೇದನದ ಮೇಜಿನ ಮೇಲೆ ಇದು ನಿಲ್ಲುವುದಿಲ್ಲ. ಕೇರೆಯಲ್ಲಿ ಗಂಡೂ ಹೆಣ್ಣೂ ಇವೆ, ನಾಗರದಲ್ಲಿಯೂ ಇವೆ. ಎರಡು ಹಾವುಗಳು ಬೇರೆ ಬೇರೆ ಕುಟುಂಬಗಳಿಗೆ ಸೇರಿದವು, ಅವುಗಳ ನಡುವೆ ಸಂಕರ ಸಂತಾನ ಹುಟ್ಟುವುದಿಲ್ಲ. ಈ ತಪ್ಪು ತಿಳಿವಳಿಕೆಯಿಂದ ನಷ್ಟವಾಗುವುದು ಕೇರೆಗೆ. ಇಲಿಗಳನ್ನು ತಿಂದು ರೈತನಿಗೆ ನೆರವಾಗುವ ಈ ನಿರ್ವಿಷ ಹಾವು ನಾಗರದ ನಂಟಿನ ಆರೋಪದ ಮೇಲೆ ಹೊಡೆತಕ್ಕೆ ಸಿಕ್ಕುತ್ತದೆ.

1921ರಲ್ಲಿ ಕೊಲಂಬೊದಲ್ಲಿ ಪ್ರಕಟವಾದ ಸಿಲೋನಿನ ಹಾವುಗಳು ಎಂಬ ಬೃಹತ್ ಗ್ರಂಥದಲ್ಲಿ ವಾಲ್ ಅವರ ಕಾಲು ಶತಮಾನದ ಇಂಥ ಟಿಪ್ಪಣಿಗಳು ಒಟ್ಟುಗೂಡಿವೆ. ಸಿಲೋನಿನ ಹಾವುಗಳಲ್ಲಿ ಹಲವು ದಕ್ಷಿಣ ಭಾರತಕ್ಕೂ ಸಾಮಾನ್ಯವಾದ್ದರಿಂದ ಈ ಗ್ರಂಥ ಕರ್ನಾಟಕದ ಹಾವುಗಳನ್ನು ಅಭ್ಯಸಿಸುವವರಿಗೂ ಆಕರವಾಗಿದೆ. 1923ರಿಂದ 1925ರವರೆಗೆ ಅವರು ಭಾರತ ಸಾಮ್ರಾಜ್ಯದ ಎಲ್ಲ ಹಾವುಗಳ ಪಟ್ಟಿಯನ್ನು ಕಂತುಗಳಲ್ಲಿ ಪ್ರಕಟಿಸಿದರು.

ಸತ್ತ ಹಾವು ಹೇಳದ ಸಂಗತಿಗಳು

ವಾಲ್ ಅನುಸರಿಸಿದ ಪದ್ಧತಿಗೆ ಮಿತಿಯೂ ಇತ್ತು. ಕೊಯ್ದ ಹಾವು ಬಸುರಿನ ಲೆಕ್ಕ ಕೊಡುತ್ತದೆ, ನಡವಳಿಕೆಯನ್ನು ತೋರಿಸುವುದಿಲ್ಲ. ಎರಡು ಹಾವುಗಳು ಹೆಣೆದುಕೊಂಡಿದ್ದಾಗ ಅವು ಏನು ಮಾಡುತ್ತಿದ್ದವು, ಗಂಡಿನ ಸಂಪರ್ಕವೇ ಇಲ್ಲದ ಹೆಣ್ಣು ಏಕೆ ಮೊಟ್ಟೆಯಿಟ್ಟಿತು ಎಂಬಂಥ ಪ್ರಶ್ನೆಗಳಿಗೆ ಜೀವಂತ ಹಾವನ್ನು ವರ್ಷಗಟ್ಟಲೆ ಕಾಯ್ದು ನೋಡಬೇಕಾಗಿತ್ತು. ಆ ಕೆಲಸ ಹೆಚ್ಚಾಗಿ ಮೃಗಾಲಯಗಳಲ್ಲಿ ಮತ್ತು ಪ್ರಯೋಗಾಲಯಗಳಲ್ಲಿ, ಅದರಲ್ಲಿ ಬಹುಪಾಲು ವಾಲ್ ಅವರ ನಿವೃತ್ತಿಯ ನಂತರ ನಡೆಯಿತು.

ಹೆಣೆಯಾಟದ ವಿಷಯವನ್ನೇ ನೋಡಬಹುದು. ಕರ್ನಾಟಕದ ಅರಳಿಕಟ್ಟೆಗಳಲ್ಲಿರುವ ನಾಗರಕಲ್ಲುಗಳ ಮೇಲೆ ಎರಡು ಹಾವುಗಳು ಒಂದಕ್ಕೊಂದು ಸುತ್ತಿಕೊಂಡು ಎದ್ದು ನಿಂತ ಶಿಲ್ಪ ಸಾಮಾನ್ಯ. ಮಕ್ಕಳಾಗಲೆಂದು ಹರಕೆ ಹೊತ್ತು ಇಂಥ ಕಲ್ಲುಗಳನ್ನು ನೆಡುವ ಸಂಪ್ರದಾಯ ಹಳೆಯದು. ಹೊಲದಲ್ಲಿ ಎರಡು ಕೇರೆಹಾವುಗಳು ಹೀಗೆಯೇ ಹೆಣೆದುಕೊಂಡು ಮೇಲೆದ್ದು ಬೀಳುವುದನ್ನು ಕಂಡವರು ಅದನ್ನು ಮಿಲನವೆಂದೇ ಭಾವಿಸುತ್ತಾರೆ. ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಪ್ರಕೃತಿ ವೀಕ್ಷಕರಲ್ಲಿ ಅನೇಕರು ಹಾಗೆಯೇ ತಿಳಿದಿದ್ದರು. 1930 ಮತ್ತು 1940ರ ದಶಕಗಳಲ್ಲಿ ಅಮೆರಿಕದ ಸಂಶೋಧಕರು ಇಂಥ ಜೋಡಿಗಳ ಲಿಂಗ ಪರೀಕ್ಷಿಸಿ, ಅವು ಸಾಮಾನ್ಯವಾಗಿ ಎರಡೂ ಗಂಡುಗಳೆಂದು ತೋರಿಸಿಕೊಟ್ಟರು. ಅದು ಕುಸ್ತಿ. ಹೆಣ್ಣಿಗಾಗಿ ಎರಡು ಗಂಡುಗಳು ಕಚ್ಚದೆ, ಒಂದರ ತಲೆಯನ್ನು ಇನ್ನೊಂದು ನೆಲಕ್ಕೆ ಒತ್ತಲು ಯತ್ನಿಸುತ್ತವೆ, ಸೋತದ್ದು ಹಿಂದೆ ಸರಿಯುತ್ತದೆ. ನಿಜವಾದ ಮಿಲನದಲ್ಲಿ ಹಾವುಗಳು ಬಹುಮಟ್ಟಿಗೆ ನೆಲದ ಮೇಲೆಯೇ ಇರುತ್ತವೆ. ಗಂಡು ಹೆಣ್ಣಿನ ಬೆನ್ನ ಮೇಲೆ ಗದ್ದವನ್ನು ಉಜ್ಜುತ್ತ ಸಾಗಿ ಬಾಲಗಳನ್ನು ಸೇರಿಸುತ್ತದೆ, ಗಂಟೆಗಟ್ಟಲೆ ಅಲುಗಾಡದೆ ಉಳಿಯುವುದೂ ಉಂಟು.

ಕಾವು ಕೂರುವ ಹೆಬ್ಬಾವಿನ ಕಥೆ ಇನ್ನೂ ಹಿಂದಿನದು. ತಣ್ಣನೆ ರಕ್ತದ ಪ್ರಾಣಿಯೆಂದು ಕರೆಯಲಾಗುವ ಹಾವು ಮೊಟ್ಟೆಗೆ ಕಾವು ಕೊಡಬಲ್ಲದೆಂದು 1832ರಲ್ಲಿ ಲಮಾರ್-ಪಿಕೊ ಎಂಬ ಪ್ರವಾಸಿ ಭಾರತದ ಹೆಬ್ಬಾವಿನ ಬಗ್ಗೆ ಪ್ಯಾರಿಸ್ಸಿನಲ್ಲಿ ವರದಿ ಮಾಡಿದಾಗ ಪಂಡಿತರು ಒಪ್ಪಲಿಲ್ಲ. 1841ರಲ್ಲಿ ಅದೇ ಊರಿನ ಪ್ರಾಣಿಸಂಗ್ರಹಾಲಯದಲ್ಲಿ ಹೆಬ್ಬಾವೊಂದು ಮೊಟ್ಟೆಗಳನ್ನು ಸುತ್ತಿಕೊಂಡು ಕುಳಿತಾಗ ವಾಲಾಂಸಿಯೆನ್ ಎಂಬ ವಿಜ್ಞಾನಿ ಉಷ್ಣತೆಯನ್ನು ಅಳೆದರು. ತಾಯಿಯ ಸುರುಳಿಗಳ ನಡುವೆ ಸುತ್ತಣ ಗಾಳಿಗಿಂತ ಸ್ಪಷ್ಟವಾಗಿ ಹೆಚ್ಚು ಬಿಸಿಯಿತ್ತು. ಸ್ನಾಯುಗಳನ್ನು ಲಯಬದ್ಧವಾಗಿ ಕಂಪಿಸಿ ಈ ಬಿಸಿಯನ್ನು ಹುಟ್ಟಿಸುತ್ತದೆಂಬುದು 1966ರಲ್ಲಿ ನ್ಯೂಯಾರ್ಕಿನ ಮೃಗಾಲಯದ ಹೆಬ್ಬಾವಿನ ಮೇಲೆ ನಡೆದ ಪ್ರಯೋಗದಲ್ಲಿ ಖಚಿತಪಟ್ಟಿತು. ಮೊಟ್ಟೆಯ ಮೇಲೆ ಕುಳಿತು ನಡುಗುವ ಹೆಬ್ಬಾವನ್ನು ಕಾಯಿಲೆ ಬಿದ್ದಿದೆಯೆಂದು ತಿಳಿಯುವವರಿಗೆ ಇದೇ ಉತ್ತರ.

ಮಲೆನಾಡಿನ ಕಾಳಿಂಗ ಸರ್ಪದ ನಡತೆಯೂ ಇಷ್ಟೇ ಅಪರೂಪದ್ದು. ಹೆಣ್ಣು ತನ್ನ ದೇಹದ ಸುರುಳಿಯಿಂದ ತರಗೆಲೆಗಳನ್ನು ಎಳೆದು ರಾಶಿಹಾಕಿ ಗೂಡು ಕಟ್ಟುತ್ತದೆ. ಅದರೊಳಗೆ ಮೊಟ್ಟೆಯಿಟ್ಟು ಬಹುಕಾಲ ಕಾವಲು ಕಾಯುತ್ತದೆ. ಹೀಗೆ ಗೂಡು ಕಟ್ಟುವ ಹಾವು ಬೇರೊಂದು ತಿಳಿದಿಲ್ಲ.

ಒಂಟಿ ಹೆಣ್ಣಿನ ಸಂತಾನ

ಸಾಕಿದ ಹಾವುಗಳ ವಿಷಯದಲ್ಲಿ ಹೆಚ್ಚು ಗೊಂದಲ ಹುಟ್ಟಿಸುವುದು ಒಂಟಿಯಾಗಿಟ್ಟ ಹೆಣ್ಣು ಮೊಟ್ಟೆಯಿಡುವ ಅಥವಾ ಮರಿ ಹಾಕುವ ಪ್ರಸಂಗ. ಇದಕ್ಕೆ ಮೂರು ಕಾರಣಗಳಿರಬಹುದು. ಮೊದಲನೆಯದು ತೀರ ಸಾಮಾನ್ಯ. ಕೋಳಿ ಹುಂಜವಿಲ್ಲದೆ ಮೊಟ್ಟೆಯಿಡುವಂತೆ ಹಾವೂ ಫಲಿಸದ ಮೊಟ್ಟೆಗಳನ್ನಿಡುತ್ತದೆ. ಅವು ಹಳದಿಯಾಗಿ, ಕುಗ್ಗಿ, ಬೇಗ ಬೂಷ್ಟು ಹಿಡಿಯುತ್ತವೆ.

ಎರಡನೆಯದು ವೀರ್ಯದ ಸಂಗ್ರಹ. ಹೆಣ್ಣು ಹಾವಿನ ಅಂಡನಾಳದ ಗೋಡೆಯಲ್ಲಿರುವ ಸಣ್ಣ ಕುಳಿಗಳಲ್ಲಿ ಗಂಡಿನ ವೀರ್ಯ ಜೀವಂತವಾಗಿ ಉಳಿಯಬಲ್ಲದು. ಮಿಲನ ಚಳಿಗಾಲದಲ್ಲಿ ನಡೆದು ಅಂಡಗಳು ಬಲಿಯುವುದು ತಿಂಗಳುಗಳ ನಂತರವಾದ ಪ್ರಭೇದಗಳಿಗೆ ಇದು ಅನಿವಾರ್ಯ. ಕೆಲವು ಸಲ ಈ ಅವಧಿ ವರ್ಷಗಳಿಗೆ ಹಿಗ್ಗುತ್ತದೆ. ಅಮೆರಿಕದ ಒಂದು ಬುಡುಬುಡಿಕೆ ಹಾವು ಸೆರೆಯಲ್ಲಿ ಐದು ವರ್ಷ ಒಂಟಿಯಾಗಿದ್ದು ಮರಿ ಹಾಕಿದಾಗ, ಆ ಮರಿಗಳಿಗೆ ತಂದೆಯಿದ್ದನೆಂದು ಡಿಎನ್‌ಎ ಪರೀಕ್ಷೆ ತೋರಿಸಿತು. ಅಂದರೆ ಕಾಡಿನಿಂದ ಹಿಡಿದು ತಂದ ಹೆಣ್ಣು ಮುಂದಿನ ವರ್ಷ ಮೊಟ್ಟೆಯಿಟ್ಟರೆ ಅಚ್ಚರಿಪಡಬೇಕಾಗಿಲ್ಲ.

ಮೂರನೆಯದು ಅನಿಷೇಕ ಜನನ, ಅಂದರೆ ಗಂಡಿನ ವೀರ್ಯವಿಲ್ಲದೆ ಅಂಡವೇ ಮರಿಯಾಗಿ ಬೆಳೆಯುವುದು. ಇದರ ಸ್ಪಷ್ಟ ಉದಾಹರಣೆ ಕರ್ನಾಟಕದ ಹಿತ್ತಿಲುಗಳಲ್ಲೇ ಇದೆ. ಗೊಬ್ಬರದ ಗುಂಡಿಯಲ್ಲಿ, ಹೂಕುಂಡದ ಮಣ್ಣಿನಲ್ಲಿ ಎರೆಹುಳುವಿನಂತೆ ಹೊಳೆಯುತ್ತ ಹರಿದಾಡುವ, ಗೇಣುದ್ದವೂ ಬೆಳೆಯದ ಕುರುಡು ಹಾವಿನಲ್ಲಿ ಗಂಡುಗಳೇ ಇಲ್ಲ. ಸಾಮಾನ್ಯ ಪ್ರಾಣಿಗಳಲ್ಲಿ ಎರಡು ಜೊತೆಯಿರುವ ವರ್ಣತಂತುಗಳು ಇದರಲ್ಲಿ ಮೂರು ಜೊತೆಯಾಗಿವೆ. ತಾಯಿ ತನ್ನದೇ ಪ್ರತಿರೂಪದ ಹೆಣ್ಣುಮರಿಗಳನ್ನು ಪಡೆಯುತ್ತದೆ. ಒಂದೇ ಒಂದು ಹಾವು ಕುಂಡದ ಮಣ್ಣಿನಲ್ಲಿ ಸೇರಿ ಹಡಗು ಹತ್ತಿದರೂ ಹೊಸ ದೇಶದಲ್ಲಿ ಸಂತಾನ ಬೆಳೆಸಬಲ್ಲದಾದ್ದರಿಂದ ಇದು ಇಂದು ಜಗತ್ತಿನ ಬೆಚ್ಚನೆಯ ಪ್ರದೇಶಗಳಲ್ಲೆಲ್ಲ ಹರಡಿದೆ. ವಾಲ್ ಅವರ ಕಾಲದಲ್ಲಿ ಈ ಪ್ರಭೇದ ಭಾರತದಲ್ಲಿ ಸುಪರಿಚಿತವಾಗಿತ್ತು. ಅದು ಹೆಣ್ಣುಗಳಿಂದಷ್ಟೇ ಕೂಡಿದ ಪ್ರಭೇದವೆಂಬ ತೀರ್ಮಾನ ಅವರು ತೀರಿಕೊಂಡು ಎರಡು ದಶಕಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಬಂದಿತು.

ಗಂಡು ಹೆಣ್ಣುಗಳೆರಡೂ ಇರುವ ಪ್ರಭೇದಗಳಲ್ಲಿಯೂ ಒಮ್ಮೊಮ್ಮೆ ಅನಿಷೇಕ ಜನನ ನಡೆಯುತ್ತದೆ. ಆಮ್‌ಸ್ಟರ್‌ಡ್ಯಾಮ್ ಮೃಗಾಲಯದ ಬರ್ಮಾ ಹೆಬ್ಬಾವಿನ ಮೊಟ್ಟೆಗಳಲ್ಲಿದ್ದ ಭ್ರೂಣಗಳು ತಾಯಿಯ ವಂಶವಾಹಿಗಳನ್ನೇ ಹೊತ್ತಿದ್ದವೆಂದು 2003ರಲ್ಲಿ ವರದಿಯಾಯಿತು. 2011ರಲ್ಲಿ ಬೋವಾ ಹಾವಿನಲ್ಲಿ, 2012ರಲ್ಲಿ ಅಮೆರಿಕದ ಕಾಡಿನ ಗುಳಿಮಂಡಲಗಳಲ್ಲಿ ಇದೇ ಬಗೆಯ ಜನನ ದೃಢಪಟ್ಟಿತು. ಹೆಬ್ಬಾವು, ಬೋವಾಗಳಲ್ಲಿ ಹೀಗೆ ಹುಟ್ಟುವವು ಹೆಣ್ಣು. ಗುಳಿಮಂಡಲಗಳಲ್ಲಿ ಗಂಡು. ಲಿಂಗವನ್ನು ನಿರ್ಧರಿಸುವ ವರ್ಣತಂತುಗಳ ವ್ಯವಸ್ಥೆ ಈ ಗುಂಪುಗಳಲ್ಲಿ ಬೇರೆಯಾಗಿರುವುದೇ ಕಾರಣ. ಇಂಥ ಮರಿಗಳ ಸಂಖ್ಯೆ ಸಾಮಾನ್ಯವಾಗಿ ಕಡಿಮೆ, ಅವುಗಳ ಜೊತೆ ಫಲಿಸದ ಮೊಟ್ಟೆಗಳು ಅನೇಕ. ಎರಡನೆಯ ಮತ್ತು ಮೂರನೆಯ ಕಾರಣಗಳನ್ನು ಕಣ್ಣಿನಿಂದ ಬೇರ್ಪಡಿಸಲಾಗದು, ವಂಶವಾಹಿ ಪರೀಕ್ಷೆ ಬೇಕೇಬೇಕು. ಪರೀಕ್ಷೆಗೆ ಮೊದಲು ಕೇಳಬೇಕಾದ ಪ್ರಶ್ನೆಗಳು ಮಾತ್ರ ವಾಲ್ ಬರೆದುಕೊಳ್ಳುತ್ತಿದ್ದವೇ: ಹಾವು ಯಾವುದು, ಅದರ ಉದ್ದವೆಷ್ಟು, ಎಲ್ಲಿ ಯಾವಾಗ ಸಿಕ್ಕಿತು, ಯಾವ ತಿಂಗಳಲ್ಲಿ ಮೊಟ್ಟೆಯಿಟ್ಟಿತು, ಮೊಟ್ಟೆಗಳೆಷ್ಟು.

ಉತ್ತರ ಕರ್ನಾಟಕದ ಒಣನಾಡಿನಲ್ಲಿ

ವಾಲ್ ಅವರ ಕಾಲದಲ್ಲಿ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತ್ಯದ ಭಾಗವಾಗಿತ್ತು. ಗೋಕಾಕ ಫಾಲ್ಸ್‌ನ ಸುತ್ತಣ ಕಲ್ಲುಬಂಡೆಗಳ ಗುಡ್ಡ, ಘಟಪ್ರಭೆಯ ನೀರುಂಡ ಮೂಡಲಗಿಯ ಕಬ್ಬಿನ ಹೊಲ, ಹುಕ್ಕೇರಿಯ ಬಯಲು – ಇಲ್ಲಿನಂಥ ಪರಿಸರದಲ್ಲಿ ಕಾಣಸಿಗುವ ಹಾವುಗಳಿಗೆ ಅವರ ದಾಖಲೆಗಳು ನೇರವಾಗಿ ಅನ್ವಯಿಸುತ್ತವೆ. ಮುಂಗಾರಿನ ಮೊದಲ ವಾರಗಳಲ್ಲಿ ಹೊಲದಲ್ಲಿ ಕೊಳಕುಮಂಡಲದ ಮರಿಗಳು ಒಮ್ಮೆಗೇ ಹಲವು ಕಾಣಿಸಿಕೊಳ್ಳುವುದಕ್ಕೆ ಆ ಹಾವಿನ ಸೂಲಿನ ಕಾಲವೇ ಕಾರಣ. ಬರಿಗಾಲಲ್ಲಿ ಕೆಲಸ ಮಾಡುವ ರೈತರಿಗೆ ಈ ತಿಂಗಳುಗಳ ಅರಿವು ಜೀವ ಉಳಿಸುವ ಮಾತು.

ಒಣ ಕಲ್ಲುನೆಲದ ಗರಗಸ ಮಂಡಲವೂ ಗಮನಿಸತಕ್ಕದ್ದು. ಭಾರತದಲ್ಲಿ ಇದು ಮರಿ ಹಾಕುತ್ತದೆ. ಆಫ್ರಿಕಾದಲ್ಲಿರುವ ಇದರ ಹತ್ತಿರದ ಸಂಬಂಧಿಗಳು ಮೊಟ್ಟೆಯಿಡುತ್ತವೆ. ಒಂದೇ ಕುಲದೊಳಗೆ ಎರಡೂ ಬಗೆ ಇರುವುದರಿಂದ, ಒಂದು ಹಾವಿನ ನಡತೆಯನ್ನು ನೋಡಿ ಅದರ ದಾಯಾದಿಗಳ ಬಗ್ಗೆ ತೀರ್ಮಾನಿಸುವುದು ಅಪಾಯಕರ. ಮಣ್ಣುಮುಕ್ಕ ಹಾವು ಎರಡು ತಲೆಯ ಹಾವೆಂದೂ, ನಿಧಿ ತೋರಿಸುತ್ತದೆಂದೂ ಹಬ್ಬಿರುವ ಕಥೆಗಳಿಂದ ಅಕ್ರಮ ಮಾರಾಟಕ್ಕೆ ಬಲಿಯಾಗುತ್ತಿದೆ. ತಲೆಯಂತೆ ಕಾಣುವುದು ಅದರ ಮೊಂಡು ಬಾಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಈ ಹಾವಿಗೂ, ನಾಗರ, ಕೇರೆ, ಹೆಬ್ಬಾವು ಮುಂತಾದವಕ್ಕೂ ರಕ್ಷಣೆಯಿದೆ. ಅನುಮತಿಯಿಲ್ಲದೆ ಇವನ್ನು ಹಿಡಿದು ಸಾಕುವುದು ಅಪರಾಧ. ಹೀಗಾಗಿ ವಾಲ್ ಮಾಡಿದಂತೆ ಹಾವುಗಳನ್ನು ತರಿಸಿ ಕೊಯ್ಯುವ ಅಧ್ಯಯನವೂ ಇಂದು ಸಾಧ್ಯವಿಲ್ಲ. ಅವರ ಅಂಕಿಅಂಶಗಳನ್ನು ಸಂಶೋಧಕರು ಈಗಲೂ ಉಲ್ಲೇಖಿಸುವುದಕ್ಕೆ ಇದೂ ಒಂದು ಕಾರಣ.

ನಿವೃತ್ತಿ ಮತ್ತು ನಿಧನ

ಸೇವೆಯ ಕೊನೆಯ ಹೊತ್ತಿಗೆ ಕರ್ನಲ್ ದರ್ಜೆಗೇರಿದ್ದ ವಾಲ್ ಅವರಿಗೆ ಬ್ರಿಟಿಷ್ ಸರ್ಕಾರದ ಸಿ.ಎಂ.ಜಿ. ಗೌರವ ದೊರೆತಿತ್ತು. 1924 ಮತ್ತು 1925ರಲ್ಲಿ ಬರ್ಮಾದಲ್ಲಿ ಸಂಗ್ರಹಿಸಿದ ಹಾವುಗಳ ಲೇಖನಗಳು ಅವರ ಕೊನೆಯ ದೊಡ್ಡ ಕೆಲಸಗಳಲ್ಲಿ ಸೇರಿವೆ. ನಿವೃತ್ತಿಯ ನಂತರ ಇಂಗ್ಲೆಂಡಿಗೆ ತೆರಳಿದ ಅವರು 1950ರ ಮೇ 19ರಂದು ಬೋರ್ನ್‌ಮತ್ ಪಟ್ಟಣದಲ್ಲಿ ನಿಧನರಾದರು. ಅವರು ಮೊದಲ ಬಾರಿಗೆ ವರ್ಣಿಸಿದ ಪ್ರಭೇದಗಳಲ್ಲಿ ಈಶಾನ್ಯ ಭಾರತದ ಕರಿಯ ಕಟ್ಟುಹಾವು (1908) ಮತ್ತು ಪಶ್ಚಿಮ ಭಾರತದ ಹಳದಿ ಚುಕ್ಕೆಯ ತೋಳಹಾವು (1907) ಇಂದಿಗೂ ಅವರು ಕೊಟ್ಟ ಪ್ರಭೇದ ನಾಮಗಳಿಂದಲೇ ಗುರುತಿಸಲ್ಪಡುತ್ತವೆ.